ಗೋಕಾಕ ಸೀಮೆಗೆ ಕಲ್ಲು ತಂದವರು

“ಇಟಲಿ ಕಾಕಾ ಹೋದ್ರಲ್ರಿ ಸರ,” ಎಂದು ಗೋಕಾಕದ ಮೋಟಾರ್ ಸ್ಟ್ಯಾಂಡಿನಲ್ಲಿ ಸಿಕ್ಕ ಹಳೆಯ ಶಿಷ್ಯನೊಬ್ಬ ಹೇಳಿದಾಗ ನನ್ನ ಬಾಯಿಂದ ಮೊದಲು ಹೊರಟ ಮಾತು, “ಅಯ್ಯೋ, ಆ ಕಲ್ಲು ಎಲ್ಲೈತಪಾ ಈಗ?” ಎಂಬುದು. ಆತ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ. ಸತ್ತವರ ಹೆಂಡತಿ ಹೇಗಿದ್ದಾರೆ, ಮಗಳು ಬಂದಳೇ ಎಂದು ಕೇಳುವುದು ಬಿಟ್ಟು ಕಲ್ಲಿನ ಕ್ಷೇಮ ವಿಚಾರಿಸುವ ಮಾಸ್ತರರಿಗೆ ವಯಸ್ಸಾಯಿತು ಎಂದು ಅವನಿಗೆ ಅನಿಸಿರಬೇಕು. ಅವನ ತಪ್ಪೇನಿಲ್ಲ. ಆ ಕಲ್ಲಿನ ಕಥೆ ಊರಿಗೆಲ್ಲ ಅರ್ಧ ಮಾತ್ರ ಗೊತ್ತಿತ್ತು. ಪೂರ್ತಿ ಗೊತ್ತಿರುವವನು ಇನ್ನು ಭೂಮಿಯ ಮೇಲೆ ನಾನೊಬ್ಬನೇ ಎಂದು ನಾನು ನಂಬಿಕೊಂಡಿದ್ದೆ.

ದೊಡ್ಡ ಯುದ್ಧ ಮುಗಿದು ಸ್ವಲ್ಪ ದಿನಕ್ಕೆ ನಾನು ನಾಗನೂರಿನ ಪ್ರಾಥಮಿಕ ಶಾಲೆಗೆ ಮಾಸ್ತರನಾಗಿ ಹೋದೆ. ಧಾರವಾಡದಲ್ಲಿ ಟ್ರೇನಿಂಗು ಮುಗಿಸಿ, ಊರು ಉದ್ಧಾರ ಮಾಡಿಬಿಡುತ್ತೇನೆ ಎಂಬ ಹುಮ್ಮಸ್ಸಿನಲ್ಲಿದ್ದ ಅವಿವಾಹಿತ. ಉಳಿಯಲು ಜಾಗ ಹುಡುಕುತ್ತಿದ್ದಾಗ, ಪಲ್ಟನ್ನಿನಿಂದ ಅದೇ ತಾನೇ ಮರಳಿದ್ದ ರೈತರೊಬ್ಬರು ತಮ್ಮ ಮನೆಯ ಮುಂದಿನ ಕೋಣೆ ಕೊಡುವುದಾಗಿ ಹೇಳಿದರು. ಬಾಡಿಗೆ ಎಷ್ಟು ಎಂದು ಕೇಳಿದರೆ, “ಮಾಸ್ತರ ಕಡೆ ಬಾಡಿಗಿ ತಗೋತಾರೇನ್ರಿ? ಸಂಜೀಮುಂದ ಒಂದೀಟು ಮಾತಾಡಕೋತ ಕುಂದ್ರೂಣು, ಅಷ್ಟ,” ಎಂದರು. ನಾನು ಖುಷಿಯಿಂದ ಟ್ರಂಕು ಇಳಿಸಿದೆ. ಮಾತಾಡುವವರು ಅವರು, ಕೂತು ಕೇಳುವವನು ನಾನು ಎಂಬುದು ಒಂದು ವಾರದಲ್ಲೇ ತಿಳಿಯಿತು. ಊರಿನಲ್ಲಿ ಬೇರೆ ಯಾರೂ ಕೇಳುವವರು ಉಳಿದಿರಲಿಲ್ಲ.

ಇವರೇ ಮುಂದೆ ಇಟಲಿ ಕಾಕಾ ಎನಿಸಿಕೊಂಡವರು. ಕಾಕಾ ಉದ್ದನೆಯ ಒಣಕಲು ಆಳು. ಧೋತರದ ಕೆಳಗೆ ಮಿಲಿಟರಿ ಬೂಟು, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ. ಹೊಲಕ್ಕೆ ಹೋಗುವಾಗ ಕೆಸರು ಹತ್ತೀತೆಂದು ಬೂಟು ಬಿಚ್ಚಿ ಬಗಲಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ನಡೆಯುತ್ತಿದ್ದರು. ಮನೆಗೆ ಬಂದು ಕಟ್ಟೆಯ ಮೇಲೆ ಕೂತಾಗ ಹಾಕಿಕೊಳ್ಳುತ್ತಿದ್ದರು. ಅವರ ಇನ್ನೊಂದು ಚಾಳಿ ಬೆರಳ ಗೆಣ್ಣಿನಿಂದ ಕಲ್ಲು ಬಡಿದು ನೋಡುವುದು. ಯಾರ ಮನೆಗೆ ಹೋದರೂ ಮೊದಲು ಬಾಗಿ ಹೊಸ್ತಿಲ ಮುಂದಿನ ಕಲ್ಲನ್ನು ಟಕಟಕ ಬಡಿದು, ಕಿವಿಗೊಟ್ಟು, “ಹೂಂ” ಎಂದು ನಿಟ್ಟುಸಿರುಬಿಟ್ಟು ಒಳಗೆ ಹೋಗುತ್ತಿದ್ದರು. ಆ ನಿಟ್ಟುಸಿರಿಗೆ ಮನೆಯವರು ಉರಿದುಬೀಳುತ್ತಿದ್ದರು. ತಾತ ಮುತ್ತಾತಂದಿರು ಹಾಕಿಸಿದ ಕಲ್ಲನ್ನು ನೋಡಿ ಒಬ್ಬ ಮನುಷ್ಯ ಹಾಗೆ ಮರುಗಿದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಅವರು ಯುದ್ಧದಿಂದ ಮರಳಿದ ದಿನದ ಪ್ರಸಂಗವನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೆ ಓಣಿಯ ಪ್ರತಿಯೊಬ್ಬರೂ ನನಗೆ ಅದನ್ನು ಬೇರೆ ಬೇರೆಯಾಗಿ ಅಭಿನಯಿಸಿ ತೋರಿಸಿದ್ದರಿಂದ ಕಂಡಷ್ಟೇ ಚೆನ್ನಾಗಿ ಗೊತ್ತು. ಘಟಪ್ರಭಾ ಸ್ಟೇಶನ್ನಿನಿಂದ ಚಕ್ಕಡಿಯಲ್ಲಿ ಬಂದಿಳಿದರಂತೆ. ಜೊತೆಗೊಂದು ಪೆಟ್ಟಿಗೆ, ಗಟ್ಟಿ ಆಳೊಬ್ಬ ಹಲ್ಲು ಕಚ್ಚಿ ಎತ್ತುವಷ್ಟು ಭಾರ. ಅರಭಾವಿಯ ಒಬ್ಬ ಸಿಪಾಯಿ ಗ್ರಾಮಫೋನು ತಂದಿದ್ದ, ತುಕ್ಕಾನಟ್ಟಿಯವನೊಬ್ಬ ಕೈಗಡಿಯಾರ ತಂದಿದ್ದ. ಇಷ್ಟು ಭಾರದ್ದೆಂದರೆ ಬೆಳ್ಳಿಯೋ ಬಂಗಾರವೋ ಎಂದು ಓಣಿಗೆ ಓಣಿಯೇ ಪಡಸಾಲೆಯಲ್ಲಿ ನೆರೆಯಿತು. ಪೆಟ್ಟಿಗೆ ತೆರೆದರೆ ಒಂದು ಕಂಬಳಿ. ಕಂಬಳಿಯೊಳಗೆ ಇನ್ನೊಂದು ಕಂಬಳಿ. ಅದನ್ನು ಕೂಸಿನ ಬಟ್ಟೆ ಬಿಚ್ಚಿದ ಹಾಗೆ ಬಿಚ್ಚಿದರೆ ಒಂದು ಬಿಳಿ ಕಲ್ಲಿನ ಚಪ್ಪಡಿ. ಮೂರು ಕಡೆ ನುಣುಪು, ಒಂದು ಕಡೆ ಮುರಿದದ್ದು.

ಕಾಕಾನ ಹೆಂಡತಿ, ನಾವೆಲ್ಲ ಕಾಕೂ ಎನ್ನುತ್ತಿದ್ದ ಆ ಗಟ್ಟಿ ಹೆಣ್ಣುಮಗಳು, ಕಲ್ಲನ್ನೂ ಗಂಡನನ್ನೂ ಸರದಿಯಂತೆ ನೋಡಿ ಕೇಳಿದರಂತೆ:

“ಯಾಕ್ರಿ, ಗೋಕಾಕ ಗುಡ್ಡದಾಗ ಕಲ್ಲು ತೀರ್‍ಯಾವು ಅಂತ ಯಾರರೆ ನಿಮಗ ತಾರ್ ಮಾಡಿದ್ರೇನು?”

“ಇದು ಅಂಥಾ ಕಲ್ಲಲ್ಲ,” ಎಂದರಂತೆ ಕಾಕಾ.

ಅಂಥ ಕಲ್ಲಲ್ಲ ಎಂಬುದನ್ನು ಸಾಧಿಸುವುದರಲ್ಲೇ ಅವರ ಮುಂದಿನ ದಿನಗಳು ಕಳೆದವು. ಅವರಿದ್ದದ್ದು ರಸ್ತೆ, ಸೇತುವೆ ರಿಪೇರಿ ಮಾಡುವ ದಂಡಿನಲ್ಲಿ. ಬಂದೂಕಿಗಿಂತ ಸಲಿಕೆ ಹಿಡಿದದ್ದೇ ಹೆಚ್ಚು. “ಜರ್ಮನ್ರನ್ನ ಎಷ್ಟ ಮಂದೀನ ಹೊಡದ್ರಿ?” ಎಂದು ಯಾರಾದರೂ ಆಸೆಯಿಂದ ಕೇಳಿದರೆ, “ಒಬ್ಬನ್ನೂ ಇಲ್ಲಪಾ, ನಾ ಖಡಿ ಒಡದೆ,” ಎಂದು ಅವರ ಉತ್ಸಾಹಕ್ಕೆ ತಣ್ಣೀರು ಎರಚುತ್ತಿದ್ದರು. ಯುದ್ಧ ಮುಗಿದ ಮೇಲೆ, ಊರಿಗೆ ಹೊರಡುವ ಹಡಗಿಗಾಗಿ ಕಾಯುತ್ತ ಅವರ ದಂಡು ಇಟಲಿಯ ಒಂದು ಗುಡ್ಡದೂರಿನಲ್ಲಿ ಬೀಡುಬಿಟ್ಟಿತ್ತು. ಕೊಲೊನ್ನಾಟಾ ಎಂದು ಅದರ ಹೆಸರು. ಎರಡು ಸಾವಿರ ವರ್ಷಗಳಿಂದ ಅಲ್ಲಿಯ ಜನ ಬೇರೆ ಕಸುಬು ಮಾಡಿದವರಲ್ಲ, ಅಮೃತಶಿಲೆ ಅಗಿಯುವುದೊಂದೇ. ದೊಡ್ಡ ದೊಡ್ಡ ರಾಜರು ತಮ್ಮ ಮೂರ್ತಿ ಮಾಡಿಸಲು ಅಲ್ಲಿಂದ ಕಲ್ಲು ಒಯ್ಯುತ್ತಿದ್ದರಂತೆ. ನಮ್ಮ ಕಾಕಾ ಮತ್ತು ಸಂಗಡಿಗರು ಅದೇ ಕಲ್ಲನ್ನು ಸುತ್ತಿಗೆಯಿಂದ ಒಡೆದು ಖಡಿ ಮಾಡಿ, ಊರಿಗೆ ಹೋಗುವ ರಸ್ತೆಯ ತಗ್ಗು ತುಂಬಿದರು.

ಇದನ್ನು ಮೂಡಲಗಿಯ ಸಂತೆಯ ದಿನ ಹಜಾಮನ ಕಟ್ಟೆಯ ಮೇಲೆ ಕೂತು ಹೇಳಿದ್ದೇ ಅವರು ಮಾಡಿದ ದೊಡ್ಡ ತಪ್ಪು. “ಸಂಗಮರವರಿ ಒಡದು ರಸ್ತೆಕ್ಕ ಹಾಕಿದ್ರಿ?” ಎಂದ ಹಜಾಮ, ಕತ್ತಿ ಕಾಕಾನ ಕೊರಳ ಮೇಲೆ ಇಟ್ಟುಕೊಂಡೇ. “ಹಂಗಾರ ಮುಂದಿನ ಸಲ ತಾಜಮಹಲ ಒಡಸ್ರಿ ಕಾಕಾ. ನಮ್ಮ ಮೂಡಲಗಿ ರಸ್ತೆನೂ ಕೆಟ್ಟೈತಿ.” ಕಟ್ಟೆಯಲ್ಲಿ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಅವರ ಹೆಸರು ಇಟಲಿ ಕಾಕಾ ಎಂದಾಯಿತು, ಅವರು ಹೇಳಿದ್ದೆಲ್ಲ ಬಂಡಲ್ ಎಂದಾಯಿತು.

ಪಾಪ, ಅವರು ಸುಳ್ಳು ಹೇಳುತ್ತಿರಲಿಲ್ಲ ಎಂದು ನನಗೆ ಗೊತ್ತಾಗುತ್ತಿತ್ತು. ಸುಳ್ಳು ಹೇಳುವವನು ತನ್ನನ್ನು ತಾನು ದೊಡ್ಡವನಾಗಿ ತೋರಿಸಿಕೊಳ್ಳುತ್ತಾನೆ. ಇವರ ಕಥೆಗಳಲ್ಲಿ ಇವರೇ ದಡ್ಡರು. ಮೊದಲ ದಿನ ಆ ಊರಿನ ಬೆಳ್ಳಗಿನ ಗುಡ್ಡ ನೋಡಿ ಹಿಮ ಎಂದು ತಿಳಿದು, ಸುಡು ಬಿಸಿಲಿನಲ್ಲಿ ದಪ್ಪ ಕೋಟು ಹಾಕಿಕೊಂಡು, ಎರಡು ಕಂಬಳಿ ಹೊದ್ದು ಏರಿದರಂತೆ. ಮೇಲೆ ಮುಟ್ಟುವಷ್ಟರಲ್ಲಿ ಬೆವರಿ ತಲೆಸುತ್ತು ಬಂದು ಬಿದ್ದರಂತೆ. ಎಚ್ಚರವಾದಾಗ ಊರ ಹೆಂಗಸರು ಸುತ್ತ ನಿಂತು ನಗುತ್ತಿದ್ದರಂತೆ. ಇಂಥದ್ದನ್ನು ಯಾರು ಕಟ್ಟಿ ಹೇಳುತ್ತಾರೆ?

ಆ ಊರಿನಲ್ಲಿ ಮೆಟ್ಟಿಲು ಅಮೃತಶಿಲೆ, ಬಟ್ಟೆ ಒಗೆಯುವ ಬಂಡೆ ಅಮೃತಶಿಲೆ, ಕೋಳಿಗೂಡಿನ ಗೋಡೆ ಅಮೃತಶಿಲೆ. ಮನೆಯಷ್ಟು ದೊಡ್ಡ ಕಲ್ಲನ್ನು ಗುಡ್ಡದಿಂದ ಇಳಿಸಬೇಕಾದರೆ ಮರದ ತೊಲೆಗಳಿಗೆ ಸಾಬೂನು ಹಚ್ಚಿ, ಹಗ್ಗ ಹಿಡಿದು, ಜಾರಿಸುತ್ತ ತರುತ್ತಿದ್ದರಂತೆ. ಸಾಬೂನಿನ ಮಾತು ಬಂದಾಗ ಒಳಗಿನಿಂದ ಕಾಕೂ ದನಿ ಏರುತ್ತಿತ್ತು: “ಇಲ್ಲಿ ಅರಿವಿ ಒಗ್ಯಾಕ ಸಾಬೂನ ಸಿಗವಲ್ದು, ಅಲ್ಲಿ ಗುಡ್ಡಕ್ಕ ಎರಕೋತಾರಂತ! ಮಾಸ್ತರ, ನೀವರೆ ಸಾಲಿ ಕಲ್ತವ್ರು, ಕುಂತು ಕೇಳ್ತೀರಲ್ರಿ ಇದನ್ನ?” ನಾನು ಇಬ್ಬರ ಕಡೆಗೂ ತಲೆಯಾಡಿಸುತ್ತಿದ್ದೆ. ಅವರ ಮನೆಯ ಅನ್ನ ತಿನ್ನುವವನಿಗೆ ಬೇರೆ ದಾರಿಯಿಲ್ಲ.

ಒಮ್ಮೆ ಅವರನ್ನು ಶಾಲೆಗೆ ಕರೆದೊಯ್ದು, ಭೂಪಟದಲ್ಲಿ ಆ ಊರು ತೋರಿಸಿರಿ ಎಂದೆ. ಅವರು ಬೂಟಿನ ಆಕಾರದ ದೇಶವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೆಬ್ಬೆರಳು ಇಟ್ಟರು. ಒಕ್ಕಲುತನದ ಹೆಬ್ಬೆರಳು, ಅದರ ಕೆಳಗೆ ಬಡಗಣ ಇಟಲಿ ಪೂರ್ತಿ ಮುಚ್ಚಿಹೋಯಿತು. “ಇದರ ಬುಡಕ ಐತಿ,” ಎಂದರು.

ಯಾವುದೇ ವಿಷಯ ಬರಲಿ, “ಆ ಊರಾಗ ಹಂಗಲ್ರಿ ಮಾಸ್ತರ,” ಎಂದೇ ಅವರ ಮಾತು ಶುರು. ಊರಿಗೆ ಬಂದ ಮೇಲೆ ತಮ್ಮ ಮನೆಯ ಮೆಟ್ಟಿಲೂ ಬೆಳ್ಳಗಿರಲಿ ಎಂದು ಸುಣ್ಣ ತಂದು ಬಳಿದರು. ಕಾಕೂ ಮರುದಿನ ಬೆಳಿಗ್ಗೆ ಅದರ ಮೇಲೆ ಸಗಣಿ ಸಾರಿಸಿದರು. ಇವರು ಮತ್ತೆ ಸುಣ್ಣ, ಅವರು ಮತ್ತೆ ಸಗಣಿ. ಮೆಟ್ಟಿಲ ಬಣ್ಣ ನೋಡಿ ಇಂದು ಈ ಮನೆಯಲ್ಲಿ ಯಾರ ಕೈ ಮೇಲಾಗಿದೆ ಎಂದು ಓಣಿಯವರು ತಿಳಿದುಕೊಳ್ಳುತ್ತಿದ್ದರು. ನಾನಿದ್ದಷ್ಟು ಕಾಲ ಮೆಟ್ಟಿಲು ಹೆಚ್ಚಾಗಿ ಹಸಿರಾಗಿಯೇ ಇತ್ತು.

ಇನ್ನು ಆ ಕಲ್ಲು. ಅದನ್ನು ದೇವರ ಕೋಣೆಯ ಪಕ್ಕದ ಗೂಡಿನಲ್ಲಿ ಇಡಬೇಕೆಂದು ಕಾಕಾನ ಆಸೆ. ಕಾಕೂ ಅದನ್ನು ಮೊದಲು ಹಿತ್ತಲ ಬಾಗಿಲಿಗೆ ಒತ್ತಾಗಿ ಇಟ್ಟರು. ಆಮೇಲೆ ಉಪ್ಪಿನಕಾಯಿ ಗಡಿಗೆಯ ಮೇಲೆ ಭಾರಕ್ಕಿಟ್ಟರು. ಒಂದು ದಿನ ರೊಟ್ಟಿ ಬಡಿಯುವ ಹಲಗೆ ಸೀಳಿತು. ಒಲೆ ಉರಿಯುತ್ತಿದೆ, ಹಿಟ್ಟು ನಾದಿದೆ, ಬೇರೇನೂ ಕೈಗೆ ಸಿಗಲಿಲ್ಲ. ಬೈದುಕೊಳ್ಳುತ್ತ ಆ ಕಲ್ಲನ್ನೇ ಎಳೆದುಕೊಂಡು ಅದರ ಮೇಲೆ ರೊಟ್ಟಿ ಬಡಿದರು. ಜೋಳದ ರೊಟ್ಟಿ ಹುಣ್ಣಿಮೆ ಚಂದ್ರನ ಹಾಗೆ ಅರಳಿ, ಚೂರೂ ಅಂಟದೆ ಎದ್ದು ಬಂತು. ಅಂದಿನಿಂದ ಆ ಕಲ್ಲು ಅಡುಗೆಮನೆಯದಾಯಿತು. ಕಾಕಾ ಮುಟ್ಟಲು ಹೋದರೆ, “ಕೈ ತೊಳಕೊಂಡು ಮುಟ್ರಿ” ಎನ್ನುವಷ್ಟು ಅದರ ಬೆಲೆ ಏರಿತು.

ಕಾಕಾನ ಕಥೆಗಳಲ್ಲಿ ಬೆಣ್ಣೆಯ ಕಥೆಯೊಂದಿತ್ತು. ಎಲ್ಲಕ್ಕಿಂತ ಹೆಚ್ಚು ಪೇಚಿಗೆ ಸಿಕ್ಕಿಸಿದ್ದು ಅದೇ. ಆ ಊರಿನ ಮುದುಕಿಯೊಬ್ಬಳ ನೆಲಮನೆಯಲ್ಲಿ ಅಮೃತಶಿಲೆಯ ಡೋಣಿ ಇತ್ತಂತೆ, ನಮ್ಮಲ್ಲಿ ದನಗಳು ನೀರು ಕುಡಿಯುತ್ತವಲ್ಲ ಅಂಥದ್ದು. ಅದರೊಳಗೆ ಉಪ್ಪು, ಮೆಣಸು, ಬೆಳ್ಳುಳ್ಳಿ ಹಚ್ಚಿದ ಬಿಳೀ ಬೆಣ್ಣೆಯ ಗಡ್ಡೆಗಳನ್ನು ತಿಂಗಳುಗಟ್ಟಲೆ ಇಟ್ಟಿರುತ್ತಿದ್ದಳಂತೆ. ಅದನ್ನು ತೆಳ್ಳಗೆ ಕೊಯ್ದು ಬ್ರೆಡ್ಡಿನ ಮೇಲೆ ಹಾಕಿ ಇವರಿಗೆ ಕೊಡುತ್ತಿದ್ದಳಂತೆ. “ಅಂಥಾ ಬೆಣ್ಣಿ ನಾ ಎಲ್ಲೂ ತಿಂದಿಲ್ಲ,” ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದರು.

ಬೆಣ್ಣೆಗೆ ಯಾರಾದರೂ ಬೆಳ್ಳುಳ್ಳಿ ಹಚ್ಚುತ್ತಾರೆಯೇ? ಊರಿನ ಹೆಂಗಸರಿಗೆ ಅನುಮಾನ ಬಂತು. ಮಾತು ಬಾವಿಕಟ್ಟೆಯಿಂದ ಮೂಡಲಗಿಯ ಸಂತೆಗೆ ಹೋಯಿತು. ಲಿಂಗ ಕಟ್ಟಿದ ಮನೆತನ, ಮಡಿಯಿಂದ ಅಡುಗೆ ಮಾಡುವ ಮನೆ. ಅಲ್ಲಿಯ ಯಜಮಾನ ಸಮುದ್ರದಾಚೆ ಹೋಗಿ ಏನೇನು ತಿಂದು ಬಂದನೋ ಎಂಬ ಗುಸುಗುಸು. ಇದರ ಪೆಟ್ಟು ಬಿದ್ದದ್ದು ಮಗಳು ನೀಲವ್ವನಿಗೆ. ಮದುವೆಗೆ ಬಂದ ಹುಡುಗಿ. ಗೋಕಾಕದ ಕಡೆಯಿಂದ ನೋಡಲು ಬಂದವರೊಬ್ಬರು ಚಹಾ ಕುಡಿದು ಹೋದವರು ತಿರುಗಿ ಮಾತೇ ಆಡಲಿಲ್ಲ. ಆ ವಾರವೆಲ್ಲ ನೀಲವ್ವ ಅಪ್ಪನಿಗೆ ಊಟ ಬಡಿಸುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಕಾಕಾನಂಥ ಮಾತುಗಾರ ಆ ವಾರ ನನ್ನ ಕೋಣೆಗೆ ಬಂದು ಸುಮ್ಮನೆ ಕೂತು ಹೋಗುತ್ತಿದ್ದರು.

ಅಷ್ಟರಲ್ಲಿ ಹುಕ್ಕೇರಿಯಿಂದ ಒಳ್ಳೆಯ ಮನೆತನದ ಮಾತು ಬಂತು. ಬರುವವರು ವರ, ಅವನ ತಾಯಿ ಮತ್ತು ದೊಡ್ಡಪ್ಪ. ತಾಯಿ ಮಡಿಯಲ್ಲಿ ಭಾರೀ ಕಟ್ಟುನಿಟ್ಟು, ದೊಡ್ಡಪ್ಪ ಪಲ್ಟನ್ನಿನಲ್ಲಿ ಹವಾಲ್ದಾರನಾಗಿದ್ದವನು. ಮನೆಯಲ್ಲಿ ಆತ ಹೇಳಿದ್ದೇ ಕೊನೆ. ಬರುವ ಹಿಂದಿನ ದಿನ ಕಾಕೂ ಗಂಡನನ್ನು ಅಡುಗೆಮನೆಗೆ ಕರೆದರು. ಸಾಕ್ಷಿಗೆ ನನ್ನನ್ನೂ ಕರೆದರು.

“ನೋಡ್ರಿ, ನೀಲವ್ವನ ಕೊಳ್ಳಾಗ ತಾಳಿ ಬೀಳೂತನಕ ಈ ಮನ್ಯಾಗ ಇಟಲಿ ಇಲ್ಲ. ಆ ಊರಿಲ್ಲ, ಆ ಮುದುಕಿ ಇಲ್ಲ. ಆ ಬೆಣ್ಣಿ ಅಂತೂ ಇಲ್ಲವೇ ಇಲ್ಲ.”

“ಆತು.”

“ಬಾಯಿಲೆ ಆತು ಅಂದ್ರ ಆಗೂದಿಲ್ಲ. ಆಣಿ ಮಾಡ್ರಿ.”

ಕಾಕಾ ಗಂಭೀರವಾಗಿ ಬಾಗಿ ರೊಟ್ಟಿ ಬಡಿಯುವ ಕಲ್ಲಿನ ಮೇಲೆ ಕೈ ಇಟ್ಟರು.

“ಅದರ ಮ್ಯಾಲಲ್ಲ!” ಎಂದು ಕಾಕೂ ಕಿರುಚಿದರು. ಕೊನೆಗೆ ಕರಡಿಗೆ ಮುಟ್ಟಿ ಆಣೆ ಮಾಡಿದರು.

ಮರುದಿನ ಹುಕ್ಕೇರಿಯವರು ಬಂದರು. ಹವಾಲ್ದಾರನ ಮೀಸೆ ಮೊದಲು ಒಳಗೆ ಬಂತು, ಹಿಂದಿನಿಂದ ಹವಾಲ್ದಾರ ಬಂದ. ವರ ನೆಲ ನೋಡುತ್ತ ಕೂತ. ಮಾತುಕತೆ ಮಳೆ, ಬೆಳೆ, ಕಬ್ಬು ಎಂದು ಸುಖವಾಗಿ ಸಾಗಿತು. ಕಾಕಾ ಬಾಯಿ ಬಿಗಿಹಿಡಿದು ಎಷ್ಟು ಕಡಿಮೆ ಮಾತಾಡಿದರೆಂದರೆ, ವರನ ತಾಯಿ ನನ್ನ ಕಡೆ ಬಾಗಿ, “ಇವರಿಗೆ ಕಿವಿ ಕೇಳಸ್ತಾವಿಲ್ರಿ?” ಎಂದು ಕೇಳಿದರು. ನೀಲವ್ವ ಚಹಾ ತಂದು ಕೊಟ್ಟು ಬಾಗಿಲ ಬಳಿ ನಿಂತಳು. ಎಲ್ಲ ಸಸೂತ್ರ ಮುಗಿಯಿತು ಎಂದುಕೊಂಡೆ. ಊಟಕ್ಕೆ ಕೂತೆವು.

ಬಿಸಿ ರೊಟ್ಟಿ ಒಂದೊಂದಾಗಿ ಬರುತ್ತಿದ್ದವು. ಹವಾಲ್ದಾರ ಎರಡನೆಯ ರೊಟ್ಟಿ ಮುರಿಯುತ್ತ ಅಡುಗೆಮನೆಯ ಕಡೆ ಕತ್ತು ಉದ್ದ ಮಾಡಿ ನೋಡಿದ. ತಾಟು ಬಿಟ್ಟು ಎದ್ದ. ಅಡುಗೆಮನೆಯ ಬಾಗಿಲಿಗೇ ಹೋಗಿ ನಿಂತು ಕೇಳಿದ:

“ತಂಗೆವ್ವ, ಈ ಕಲ್ಲು ನಮ್ಮ ಕಡೇದಲ್ಲ. ಎಲ್ಲೀದಿದು?”

ಕಾಕೂ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಕಾಕಾ ನನ್ನನ್ನು ನೋಡಿದರು. ನಾನು ಉಪ್ಪಿನಕಾಯಿ ನೋಡಿದೆ. ಆಣೆ ಮಾಡಿದ್ದೇನೋ ನಿಜ, ಆದರೆ ಅಷ್ಟು ದಿನದಲ್ಲಿ ಆ ಕಲ್ಲನ್ನು ಕಂಡು ಇದು ಬೇರೆಯದು ಎಂದು ತಾನಾಗಿ ಹೇಳಿದ ಮೊದಲ ಮನುಷ್ಯ ಈ ಹವಾಲ್ದಾರ. ಕಾಕಾ ತಾಟಿನ ಅಂಚನ್ನು ಗೆಣ್ಣಿನಿಂದ ಟಕಟಕ ಬಡಿದರು. ಅವರ ಕಷ್ಟ ನೋಡಿ ನನಗೇ ಅಯ್ಯೋ ಅನಿಸಿತು.

“ಇಟಲೀದ್ರಿ,” ಎಂದರು. “ಕೊಲೊನ್ನಾಟಾ.”

ಕಟ್ಟೆ ಒಡೆಯಿತು. ಗುಡ್ಡ ಬಂತು, ಕೋಟು ಬಂತು, ಕೋಳಿಗೂಡು, ಸಾಬೂನು, ರಸ್ತೆ ಎಲ್ಲ ಬಂತು. ಬಾಗಿಲ ಬಳಿ ನೀಲವ್ವನ ಮುಖ ಬಿಳಿಚಿಕೊಂಡಿತು. ಹವಾಲ್ದಾರ ತಾಟಿನ ಮುಂದೆ ತಿರುಗಿ ಬಂದು ಕೂತು, ಮಾತಾಡದೆ ಕೇಳುತ್ತಿದ್ದ. ಆಗ ವರನ ತಾಯಿ, ಯಾವುದನ್ನು ಯಾರೂ ಕೇಳಬಾರದಿತ್ತೋ ಅದನ್ನೇ ಕೇಳಿದರು.

“ಅಲ್ಲಿ ಉಣ್ಣಾಕ ಏನ್ ಮಾಡ್ತಿದ್ರಿ ಅಣ್ಣಾರ?”

“ಬ್ರೆಡ್ಡು, ಬೆಣ್ಣಿ,” ಎಂದರು ಕಾಕಾ. ಒಳಗೆ ಪಾತ್ರೆಯೊಂದು ದೊಪ್ಪನೆ ಬಿತ್ತು. ಬಿತ್ತೋ, ಕಾಕೂ ಬೀಳಿಸಿದರೋ. ಆದರೂ ಕಾಕಾ ನಿಲ್ಲಲಿಲ್ಲ. ಡೋಣಿ, ಉಪ್ಪು, ಬೆಳ್ಳುಳ್ಳಿ ಎಲ್ಲ ಹೇಳಿಬಿಟ್ಟರು.

“ಬೆಣ್ಣಿಗೆ ಬೆಳ್ಳೊಳ್ಳಿ?” ಆಕೆಯ ಹುಬ್ಬು ಮೇಲೇರಿತು. “ಎಮ್ಮಿ ಅದಾವೇನು ಆ ಗುಡ್ಡದ ಮ್ಯಾಲ?”

“ಎಮ್ಮಿ...” ಕಾಕಾ ತಡೆದರು. “ಎಮ್ಮಿ ನಾ ಕಾಣ್ಲಿಲ್ಲ.”

“ಆಕಳಾ?”

ಕಾಕಾ ತಾಟಿನೊಳಗಿನ ರೊಟ್ಟಿಯನ್ನು ಸಣ್ಣಗೆ ಮುರಿಯತೊಡಗಿದರು. ಹವಾಲ್ದಾರ ಕೈಯಲ್ಲಿದ್ದ ತುತ್ತು ತಾಟಿಗಿಟ್ಟು, ಕಾಕಾನ ಮುಖವನ್ನೇ ನೋಡುತ್ತ ಕೇಳಿದ:

“ಆ ಬೆಣ್ಣ್ಯಾಗ ನಡಬರಕ ಒಂದು ಕೆಂಪು ಗೆರಿ ಇತ್ತೇನ್ರಿ?”

ಬೆಣ್ಣೆಯಲ್ಲಿ ಕೆಂಪು ಗೆರೆ ಇರುವುದಿಲ್ಲ ಎಂಬುದು ಪಟ್ಟಣದಲ್ಲಿ ಬೆಳೆದ ನನಗೂ ಗೊತ್ತು. ಯಾವುದರಲ್ಲಿ ಇರುತ್ತದೆ ಎಂಬುದು ಆ ಕ್ಷಣ ತಲೆಗೆ ಹೊಳೆಯಿತು. ಅದು ಹಂದಿಯ ಕೊಬ್ಬು. ಕಾಕಾ ಇಲ್ಲ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಆ ಊರಿನ ವಿಷಯದಲ್ಲಿ ಸುಳ್ಳು ಹೇಳಿ ಅವರಿಗೆ ರೂಢಿಯೇ ಇರಲಿಲ್ಲ.

“ಇತ್ತು,” ಎಂದರು.

ಹವಾಲ್ದಾರ ಮೀಸೆಯ ಎರಡೂ ತುದಿ ಒಂದೊಂದಾಗಿ ತಿರುವಿದ. ಕಾಕೂ ಬಾಗಿಲಿಗೆ ಬಂದು ಮಗಳ ಹಿಂದೆ ನಿಂತಿದ್ದರು.

“ಹಂಗಾರ ಅದಽ ಬೆಣ್ಣಿ,” ಎಂದ ಹವಾಲ್ದಾರ. “ನಾನೂ ಆ ಗುಡ್ಡದ ಬುಡಕ ಇದ್ದೆ. ನಾನೂ ತಿಂದೇನಿ. ಭಾಳ ಛಲೋ ಬೆಣ್ಣಿ.”

“ಕೆಂಪು ಗೆರಿ ಯಾಕ ಇರ್ತೈತ್ರಿ ಭಾವಾರ?” ಎಂದರು ವರನ ತಾಯಿ.

“ಅಲ್ಲಿ ಆಕಳ ಮೇವು ಹಂಗಿರ್ತೈತವ್ವಾ.”

“ಮತ್ತ ಬೆಳ್ಳೊಳ್ಳಿ?”

“ಥಂಡಿ ಊರು. ಹಚ್ಚದಿದ್ರ ನೆಗಡಿ ಹಿಡೀತೈತಿ.”

“ಬೆಣ್ಣಿಗಾ?”

“ತಿನ್ನವ್ರಿಗೆ!” ಎಂದು ಹವಾಲ್ದಾರ ಪರೇಡಿನ ದನಿಯಲ್ಲಿ ಹೇಳಿದ. ಆ ದನಿಯ ಮುಂದೆ ಮತ್ತೊಂದು ಪ್ರಶ್ನೆ ಹುಟ್ಟುವಂತಿರಲಿಲ್ಲ. “ತಂಗೆವ್ವ, ಆ ಕಲ್ಲಿನ ಮ್ಯಾಲ ಇನ್ನೊಂದು ರೊಟ್ಟಿ ಬಡಿ. ಹುಡುಗಿ ನಮಗ ಒಪ್ಪಿಗಿ. ಏನೋ ತಮ್ಮಾ?” ವರ ನೆಲದಿಂದ ಮೊದಲ ಸಲ ಕಣ್ಣೆತ್ತಿದ. ಅವನಿಗೆ ಹುಡುಗಿ ಬಂದಾಗಲೇ ಒಪ್ಪಿಗೆಯಾಗಿತ್ತು ಎಂದು ಕಾಣುತ್ತದೆ; ಮುಖ ಕೆಂಪಾಗಿತ್ತು.

ಊಟವಾದ ಮೇಲೆ ಕಾಕಾ ಮತ್ತು ಹವಾಲ್ದಾರ ಹಿತ್ತಲಿಗೆ ಹೋದರು. ಪಲ್ಟನ್ನಿನ ಹಿಂದಿಯಲ್ಲಿ ಏನೋ ಮಾತಾಡಿಕೊಂಡರು. ಆಮೇಲೆ ಇಬ್ಬರು ದೊಡ್ಡ ಮನುಷ್ಯರು ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವ ಹಾಗೆ ನಗುವುದು ನನ್ನ ಕಿಟಕಿಯಿಂದ ಕಾಣಿಸಿತು. ಮದುವೆ ಚೆನ್ನಾಗಿ ಆಯಿತು. ಆಶೀರ್ವಾದಕ್ಕೆ ಬಂದಿದ್ದ ಮಠದ ಹಿರಿಯ ಅಯ್ಯನವರು ಕಾಕೂ ಮಾಡಿದ ರೊಟ್ಟಿ ತಿಂದು, ಇಷ್ಟು ಮೆತ್ತಗಿನ ರೊಟ್ಟಿ ತಾವೆಲ್ಲೂ ಕಂಡಿಲ್ಲ ಎಂದರು.

ಮುಂದೆ ನನಗೆ ವರ್ಗವಾಯಿತು. ಮೋಟಾರು ಹಿಡಿಯಲು ಮೂಡಲಗಿಯವರೆಗೆ ಕಾಕಾ ನನ್ನ ಟ್ರಂಕು ಹೊತ್ತುಕೊಂಡು ಬಂದರು. ದಾರಿಯಲ್ಲಿ ಒಂದು ಮೋರಿಯ ಮೇಲೆ ದಣಿವಾರಿಸಿಕೊಳ್ಳಲು ಕೂತೆವು. ಕಾಕಾ ವಾಡಿಕೆಯಂತೆ ಮೋರಿಯ ಕಲ್ಲು ಬಡಿದು “ಹೂಂ” ಎಂದರು. ಇನ್ನು ಕೇಳದಿದ್ದರೆ ಎಂದೂ ಕೇಳಲಾರೆ ಎಂದುಕೊಂಡು ಕೇಳಿದೆ:

“ಕಾಕಾ, ಅದು ಬೆಣ್ಣೆಯಲ್ಲ ಎಂದು ನಿಮಗೆ ಯಾವಾಗ ಗೊತ್ತಾಯಿತು?”

ಅವರು ಸಿಟ್ಟಾಗಲಿಲ್ಲ. “ಮೂರ್ನಾಕ್ ದಿನಕ್ಕ ಗೊತ್ತಾತ್ರಿ. ಮೊದಲ ಖರೇನಽ ಬೆಣ್ಣಿ ಅಂತ ತಿಳಕೊಂಡಿದ್ದೆ. ಒಂದು ತುಂಡು ತಂದು, ತುಪ್ಪ ಮಾಡೂಣು ಅಂತ ಡಬ್ಬ್ಯಾಗ ಹಾಕಿ ಕಾಸಿದೆ. ತುಪ್ಪ ಆಗ್ಲಿಲ್ಲ. ವಾಸನಿ ಬಂತು ನೋಡ್ರಿ, ಹೊಟ್ಟ್ಯಾಗಿಂದೆಲ್ಲ ಹೊರಗ ಬಂತು.”

“ಮತ್ತೆ?”

“ಮರುದಿನ ಆ ಕಡೆ ಹೋಗಬಾರದಂತ ಮಾಡಿದ್ದೆ. ಆಕಿ ದಾರ್‍ಯಾಗ ಬಂದು ನಿಂತಿದ್ಲು. ಏನ್ ಆಗಿತ್ತಂದ್ರ, ರೇಶನ್ನಿನಾಗ ಬರೋ ಮಾಂಸದ ಡಬ್ಬಿ ನಾ ಮುಟ್ಟತಿರಲಿಲ್ಲ; ಆ ಊರ ಹುಡುಗರಿಗೆ ಕೊಟ್ಟುಬಿಡ್ತಿದ್ದೆ. ಒಣಾ ಬಿಸ್ಕೀಟ ತಿಂದ ಇರ್ತಿದ್ದೆ. ಆಕಿ ಅದನ್ನ ನೋಡಿ, ಈ ಮನಿಷಾ ತಾನು ಉಪಾಸ ಇದ್ದು ನಮ್ಮ ಮಕ್ಕಳಿಗೆ ಹಾಕತಾನ ಅಂತ ತಿಳಕೊಂಡ್ಲು. ಗಂಡ ಖಣ್ಯಾಗ ಕಲ್ಲಿನ ಬುಡಕ ಸತ್ತಿದ್ದ. ಮಗ ಲಡಾಯಿಗೆ ಹೋದಾವ ತಿರಿಗಿ ಬಂದಿರಲಿಲ್ಲ. ಮಗ ಬಂದ್ರ ತಿಂತಾನಂತ ಇಟ್ಟದ್ದು ಅದು, ಡೋಣ್ಯಾಗಿನ ಕಡೀ ಗಡ್ಡಿ. ದಿನಾ ಕೊಯ್ದು ಕೈಯಾಗ ಇಟ್ಟು, ನಾ ತಿನ್ನೂತನಕ ನನ್ನ ಬಾಯಿ ನೋಡಕೋತ ನಿಂದರತಿದ್ಲು. ನನ್ನ ಕರಡಿಗಿ ಮುಟ್ಟಿ ಕಣ್ಣಿಗೆ ಒತ್ತಿಕೋತಿದ್ಲು.” ಕಾಕಾ ಬೂಟಿನ ಲಾಡಿ ಬಿಚ್ಚಿ ಮತ್ತೆ ಕಟ್ಟಿದರು. “ಹಂತಾಕಿ ಕೊಟ್ಟದ್ದಕ್ಕ ಬೆಣ್ಣಿ ಅನ್ನದ ಮತ್ತೇನನ್ನಲ್ರಿ ಮಾಸ್ತರ?”

ನನ್ನ ಕಣ್ಣು ಮಂಜಾಯಿತು. ಅವರೇ ಮತ್ತೆ ಮಾತು ತೆಗೆದರು, ಈ ಸಲ ಆಚೆ ಈಚೆ ನೋಡಿ, ಪಿಸುದನಿಯಲ್ಲಿ.

“ಇನ್ನೊಂದೈತಿ. ನಾ ಹೊರಡೂ ದಿನ ಡೋಣಿ ಖಾಲಿ ಆಗಿತ್ತು. ಕೊಡಾಕ ಏನೂ ಇಲ್ಲಂತ ಆಕಿ ಅಳಾಕ ಹತ್ತಿದ್ಲು. ಡೋಣಿ ಮುಚ್ಚಳ ಗುಂಡು ಬಿದ್ದು ಎರಡು ಹೋಳಾಗಿ ಅಲ್ಲೇ ಬಿದ್ದಿತ್ತು. ನನಗ ಇದಽ ಬೇಕು ಅಂತ ಒಂದು ಹೋಳು ಎತ್ತಿಕೊಂಡೆ. ಆವಾಗ ನಕ್ಕಳು.”

ನಾನು ಬೆಚ್ಚಿಬಿದ್ದೆ. “ಕಾಕಾ! ರೊಟ್ಟಿ ಬಡಿಯುವ ಕಲ್ಲು?”

“ಕಾಕೂಗ ಹೇಳಬ್ಯಾಡ್ರಿ,” ಎಂದರು. “ನಾ ಇರೂತನಕ ಹೇಳಬ್ಯಾಡ್ರಿ. ಸತ್ತ ಮ್ಯಾಲೂ ಹೇಳಬ್ಯಾಡ್ರಿ. ಎದ್ದು ಬಂದು ಬೈಸಿಕೋಬೇಕಾಕ್ಕೈತಿ.”

ಆ ಮಾತನ್ನು ನಾನು ಉಳಿಸಿಕೊಂಡೆ. ಅವರು ಹೋದ ಸುದ್ದಿ ಕೇಳಿದ ಮರುದಿನವೇ ನಾಗನೂರಿಗೆ ಹೋದೆ. ಮೆಟ್ಟಿಲ ಬಳಿ ಬಂದವನು ಅಲ್ಲೇ ನಿಂತೆ. ಮೆಟ್ಟಿಲಿಗೆ ಅಚ್ಚ ಬಿಳಿ ಸುಣ್ಣ ಬಳಿದಿತ್ತು. ಕಾಕೂ ಮುದುಕಿಯಾಗಿದ್ದರು. ಮಗಳ ಮನೆಯವರು ಹೊರಗೆ ಜನರೊಡನೆ ಇದ್ದರು. ಕಾಕೂ ಮಾತ್ರ ಒಲೆಯ ಮುಂದೆ ಕೂತಿದ್ದರು, ಬಂದವರಿಗೆ ರೊಟ್ಟಿ ಬೇಕಲ್ಲ. ಕಲ್ಲು ಅದೇ ಜಾಗದಲ್ಲಿತ್ತು. ನಡುವೆ ಸವೆದು ತಗ್ಗಾಗಿತ್ತು. ನಾನು ಅದನ್ನೇ ನೋಡುತ್ತಿದ್ದುದನ್ನು ಕಾಕೂ ಕಂಡರು.

“ನಿಮಗ ಹೇಳ್ಯಾರೇನ್ರಿ ಮಾಸ್ತರ?” ಎಂದರು.

“ಏನನ್ನು ಕಾಕೂ?”

“ಏನೂ ಗೊತ್ತಿಲ್ಲದವರಂಗ ಮಾಡಬ್ಯಾಡ್ರಿ. ತಂದ ಮೊದಲನೇ ದಿನಾನಽ ಇದಕ್ಕ ಕುದಿನೀರು ಹಾಕಿ ತಿಕ್ಕಿದೆ. ಜಿಡ್ಡು ಬಿಟ್ಟಿತು. ಹುಟ್ಟಿದಾಗಿಂದ ಮಜ್ಜಿಗಿ ಕಡದಾಕಿ ನಾನು. ಬೆಣ್ಣಿ ಜಿಡ್ಡು ಯಾವುದು, ಅಲ್ಲದ್ದು ಯಾವುದು, ಮೂಗಿಗೆ ತಿಳಿಯೂದಿಲ್ಲೇನು?”

ನಾನು ಅಲ್ಲೇ ನೆಲದ ಮೇಲೆ ಕೂತೆ. “ಮತ್ತೆ ಎಸೆಯಲಿಲ್ಲವೇ?”

“ಒಗದಿದ್ದೆ. ಹೊತ್ತಕೊಂಡು ಹೋಗಿ ತಿಪ್ಪಿಗೆ ಒಗದು, ಮೈ ತೊಳಕೊಂಡು ಬಂದೆ. ಸಂಜೀಮುಂದ ಇವರು ಕಟ್ಟಿ ಮ್ಯಾಲ ಕುಂತು ಆ ಮುದುಕಿ ಸುದ್ದಿ ಹೇಳಾಕತ್ತಿದ್ರು, ಮಗ ಬರಲಿಲ್ಲಂತ.” ಕಾಕೂ ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ತಟ್ಟಿ ಕಲ್ಲಿನ ಮೇಲಿಟ್ಟರು. “ಆಕಿ ಮಗ ಬರಲಿಲ್ಲ, ಮಾಸ್ತರ. ನನ್ನ ಗಂಡ ಬಂದ. ಆಕಿ ಉಣಿಸಿ ಕಳಿಸಿದ್ದಕ್ಕ ಬಂದ. ಎದ್ದು ಹೋಗಿ ತಿಪ್ಪ್ಯಾಗಿಂದ ತಂದು, ಬೂದಿ ಹಚ್ಚಿ ತಿಕ್ಕಿ ಇಟ್ಟುಕೊಂಡೆ. ಲಿಂಗಪೂಜಿ ಮಾಡುವಾಗ ದೇವರಿಗೆ ಹೇಳಿಬಿಟ್ಟೆ, ಹಿಂಗ ಹಿಂಗ ಐತಪಾ ಅಂತ. ಅವ ಏನೂ ಅನ್ನಲಿಲ್ಲ. ಇವರಿಗೆ ಮಾತ್ರ ಹೇಳಲಿಲ್ಲ. ನನಗ ಗೊತ್ತಿಲ್ಲ ಅಂತ ಭಾಳ ಹುಷಾರಿಲೆ ಇರ್ತಿದ್ರು, ಇರಲಿ ಅಂತ ಬಿಟ್ಟೆ.”

ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಕೈ ರೊಟ್ಟಿ ಬಡಿಯುತ್ತಲೇ ಇತ್ತು. ಬಿಸಿ ರೊಟ್ಟಿ ತಾಟಿಗೆ ಹಾಕಿ, ಅದರ ಮೇಲೆ ಒಂದು ದೊಡ್ಡ ಮುದ್ದೆ ಬೆಣ್ಣೆ ಇಟ್ಟು ನನ್ನ ಮುಂದೆ ಸರಿಸಿದರು. ನಾನು ಅದನ್ನು ನೋಡುತ್ತ ಕೂತೆ.

“ತಿನ್ರಿ,” ಎಂದರು ಕಾಕೂ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. “ಇದು ನಮ್ಮ ಎಮ್ಮೀದು.”